ಗೇಟು ಕಾವಲು

ಪೀಪಿ ಭಾವನ ಮೇಲೆ ಅವಳಿಗಿದ್ದ ಸಿಟ್ಟು ಹೋದ ವರ್ಷದ್ದು. ಆದರೆ ಒಂದಿಷ್ಟೂ ಹಳಸಿರಲಿಲ್ಲ. ದಿನಾ ಬಿಸಿ ಮಾಡಿಟ್ಟ ಸಿಟ್ಟು ಹಳಸುವುದಾದರೂ ಹೇಗೆ!

ಭಾವ ಎಂದರೆ ಅಕ್ಕನ ಗಂಡ. ಇಡೀ ಕುಟುಂಬವನ್ನು ವ್ಯಾನಿಗೆ ತುಂಬಿಕೊಂಡು ಹಳೇ ಬಂಗಲೆಗಳನ್ನೂ ಅವುಗಳ ತೋಟಗಳನ್ನೂ ತೋರಿಸಿಕೊಂಡು ಬರುವುದು ಆತನ ಹುಚ್ಚು. ಕೊರಳಲ್ಲೊಂದು ಪೀಪಿ. ಊದಿದರೆ ಎಲ್ಲರೂ ಸಾಲಾಗಿ ನಿಲ್ಲಬೇಕು, ಮತ್ತೊಮ್ಮೆ ಊದಿದರೆ ಮುಂದಿನ ಕೋಣೆಗೆ ನಡೆಯಬೇಕು. ಆನೆ ನಡೆದದ್ದೇ ದಾರಿ. ಆತ ಮಾಡಿದ ಕಾನೂನುಗಳಲ್ಲಿ ದೊಡ್ಡದು ಗೇಟು ಕಾವಲು. ಯಾರ ನಡಿಗೆ ನಿಧಾನವೋ ಅವರು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಎಲ್ಲರ ಚೀಲ ಕಾಯಬೇಕು. ಉಳಿದವರ ದಿನ ಹಾಳಾಗಬಾರದಲ್ಲ, ಅದಕ್ಕೆ.

ಹೋದ ವರ್ಷ ಒಂದು ಬಂಗಲೆಯ ಗೇಟಿನಲ್ಲಿ ಹಾಗೆ ಬೆಂಚಿನ ಮೇಲೆ ಕೂತವನು ಅವಳ ಅಪ್ಪ.

ಅಪ್ಪ ಬಡಗಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಗುರುವಿನ ಕೈಕೆಳಗೆ ಅದೇ ಬಂಗಲೆಯ ಮಹಡಿ ಮೆಟ್ಟಿಲಿನ ಕೈಹಿಡಿಗೆ ಪುಟ್ಟ ಪುಟ್ಟ ಮರದ ಕಂಬಗಳನ್ನು ಕಡೆದಿದ್ದ. ಕಡೆದದ್ದು ಕೊಟ್ಟಿಗೆಯಲ್ಲಿ, ಗಾಡಿಗೆ ಹೇರಿ ಕಳಿಸಿದ್ದಷ್ಟೇ. ಆಗಿನ ಯಜಮಾನರು ಕೆಲಸದ ಹುಡುಗರನ್ನು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ತನ್ನ ಕೈಯ ಕೆಲಸ ಜಾಗದಲ್ಲಿ ನಿಂತು ಹೇಗೆ ಕಾಣುತ್ತದೆಂದು ನೋಡುವ ಆಸೆ ಆತನ ಎದೆಯಲ್ಲಿ ಹಾಗೇ ಉಳಿದಿತ್ತು. ಬಂಗಲೆ ಈಗ ಎಲ್ಲರಿಗೂ ತೆರೆದಿದೆ. ಆಸೆಯಿಂದ ಹೋದ ಮುದುಕನನ್ನು ಭಾವ ಗೇಟಿನಲ್ಲೇ ಕೂರಿಸಿದ. ಅಪ್ಪ ಅಳಿಯನಿಗೆ ಎದುರು ಮಾತಾಡುವ ಪೈಕಿ ಅಲ್ಲ. ಅವಳಿಗೆ ಆ ದಿನ ರಜೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಸಂಜೆ ಬಿಸಿಲಿಗೆ ಕತ್ತು ಸುಟ್ಟುಕೊಂಡು ಬಂದ ಅಪ್ಪ, ಬಂಗಲೆ ಹೇಗಿತ್ತು ಎಂದು ಅವಳು ಕೇಳಿದಾಗ, “ಗೇಟು ಚೆನ್ನಾಗಿದೆ ಕಣಮ್ಮ, ಒಳ್ಳೇ ಮರ” ಎಂದಿದ್ದ.

ಅವತ್ತೇ ಅವಳು ಹಲ್ಲು ಕಚ್ಚಿದಳು. ಹಲ್ಲಿನ ಡಾಕ್ಟರ ಬಳಿಯೇ ಅವಳ ಕೆಲಸ. ಯಾರನ್ನು ಯಾವಾಗ ಒಳಗೆ ಬಿಡಬೇಕು, ಯಾರನ್ನು ಹೊರಗೆ ಕಾಯಿಸಬೇಕು ಎಂಬುದೇ ಅವಳ ಕಸುಬು. ಕಾಯಿಸುವುದರಲ್ಲಿ ಅವಳಿಗೆ ಪಾಠ ಹೇಳುವವರು ಬೇಕಿರಲಿಲ್ಲ.

ಈ ವರ್ಷ ಭಾವನಿಗೆ ಮಂಡಿ ಆಪರೇಷನ್ ಆಯಿತು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮನೆಯವರ ಮುಂದೆ ಬೆಣ್ಣೆಯಂತೆ ಮಾತಾಡಿ, ಈ ಸಲದ ಪ್ರವಾಸದ ಏರ್ಪಾಟು ತನಗಿರಲಿ, ಭಾವ ಆರಾಮಾಗಿ ಬರಲಿ ಎಂದಳು. ಅದೇ ಬಂಗಲೆಯನ್ನೇ ಆರಿಸಿದಳು. ರಿಪೇರಿಗೆಂದು ಅದನ್ನು ಮುಂದಿನ ತಿಂಗಳು ಮುಚ್ಚುತ್ತಾರೆ, ಮತ್ತೆ ತೆರೆಯುವುದು ಯಾವ ಕಾಲಕ್ಕೋ. ಅಪ್ಪನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಟಿಕೆಟ್ಟು ಮೊದಲೇ ಕಾದಿರಿಸಬೇಕು, ಬಾಗಿಲಲ್ಲಿ ಕೊಡುವುದಿಲ್ಲ. ಎಲ್ಲರಿಗೂ ಕಾದಿರಿಸಿದಳು, ಒಬ್ಬರನ್ನು ಬಿಟ್ಟು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ವ್ಯಾನು ಗೇಟಿನ ಮುಂದೆ ನಿಂತಿತು. ಭಾವ ಊರುಗೋಲು ಹಿಡಿದು ಇಳಿದು, ರೂಢಿಯಂತೆ ಪೀಪಿಯನ್ನು ತುಟಿಗಿಟ್ಟ. ಅವಳು ಎಲ್ಲರ ಚೀಲಗಳನ್ನು ತಂದು ಬೆಂಚಿನ ಮೇಲೆ ಪೇರಿಸಿದಳು.

“ಭಾವ, ಕಾನೂನು ನಿಮ್ದೇ. ನಿಧಾನ ನಡೆಯೋರು ಗೇಟು ಕಾಯ್ಬೇಕು. ಟಿಕೆಟ್ಟೂ ಹಾಗೇ ತಗೊಂಡಿದೀನಿ, ನಿಮ್ಮದೊಂದು ಬಿಟ್ಟು.”

ಮಕ್ಕಳು ಕಿಸಕ್ಕೆಂದು ನಕ್ಕವು. ಭಾವ ಹೆಂಡತಿಯ ಮುಖ ನೋಡಿದ. ಅಕ್ಕ ಬೇರೆಲ್ಲೋ ನೋಡುತ್ತಿದ್ದಳು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆತ ಮೆಲ್ಲಗೆ ಬೆಂಚಿನ ಮೇಲೆ ಕೂತು ಪೀಪಿಯನ್ನು ಅಂಗಿಯೊಳಕ್ಕೆ ಬಿಟ್ಟುಕೊಂಡ. ಸುಳ್ಳೇಕೆ ಹೇಳಬೇಕು, ಅವಳಿಗೆ ಹೊಟ್ಟೆ ತಣ್ಣಗಾಯಿತು. ವರ್ಷವಿಡೀ ಕಾದದ್ದು ಸಾರ್ಥಕವಾಯಿತು ಅನ್ನಿಸಿತು.

ಅಪ್ಪನ ಕೈ ಹಿಡಿಯಲು ತಿರುಗಿದರೆ ಅಪ್ಪ ಅಲ್ಲಿಲ್ಲ. ಚೀಲಗಳನ್ನು ಸರಿಸಿ ಜಾಗ ಮಾಡಿಕೊಂಡು ಅಳಿಯನ ಪಕ್ಕದಲ್ಲಿ ಕೂತಿದ್ದ.

“ಏಳಪ್ಪಾ, ಹೊತ್ತಾಯ್ತು.”

“ನೀವೆಲ್ಲ ಹೋಗ್ಬನ್ನಿ.”

“ಇದೆಲ್ಲ ನಿನಗೋಸ್ಕರ ಮಾಡಿದ್ದು. ಆಮೇಲೆ ಮುಚ್ಬಿಡ್ತಾರೆ.”

“ಮನೆ ಅಳಿಯನ್ನ ಬಾಗಿಲಲ್ಲಿ ಕೂರ್ಸಿ ನಾನು ಒಳಗೆ ಹೋಗ್ಲಾ?” ಎಂದ ಅಪ್ಪ. ಆಮೇಲೆ ದನಿ ತಗ್ಗಿಸಿ, “ಹೋದ ಸಲ ಇಲ್ಲಿ ಒಬ್ಬನೇ ಕೂತಿದ್ದೆ ಕಣಮ್ಮ. ಅದು ಯಾರಿಗೂ ಬೇಡ” ಎಂದ.

ಅಪ್ಪ ಒಮ್ಮೆ ಕೂತರೆ ಕೂತಂತೆಯೇ. ಭಾವ ತಾನೇ ಹೋಗಿಬನ್ನಿ ಮಾವ ಎಂದು ಗೋಗರೆದ, ಅಕ್ಕ ಹೇಳಿ ನೋಡಿದಳು. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಒಂದು ತಂಡ ಒಳಗೆ ಹೋದ ಮೇಲೆ ಗೇಟು ಮುಚ್ಚುವುದು ಅಲ್ಲಿನ ಪದ್ಧತಿ, ಉಳಿದವರೆಲ್ಲ ಒಳಗೆ ಹೋಗಿಯಾಗಿತ್ತು. ಕಾವಲುಗಾರ ಗೇಟಿನ ಒಂದು ಬಾಗಿಲನ್ನು ಆಗಲೇ ಎಳೆದಿದ್ದ, ಇನ್ನೊಂದಕ್ಕೆ ಕೈ ಹಾಕಿದ್ದ.

ಅವಳ ಕೈಯಲ್ಲಿ ಅವಳದೇ ಟಿಕೆಟ್ಟಿತ್ತು. ಆ ಕಂಬಗಳ ಮೇಲೆ ಅಪ್ಪ ಅಂಗೈ ಇಡುವುದನ್ನು ಕಣ್ಣಾರೆ ನೋಡಬೇಕೆಂದು ಅವಳು ವರ್ಷದಿಂದ ಕನಸು ಕಂಡಿದ್ದಳು. ಭಾವನ ಕೈಗೆ ಕೊಡಲು ಮನಸ್ಸು ಬಾರದೆ ಟಿಕೆಟ್ಟನ್ನು ಚೀಲದ ಮೇಲಿಟ್ಟಳು.

“ಕರ್ಕೊಂಡು ಹೋಗಿ ಭಾವ. ನಾನು ಕಾಯ್ತೀನಿ.”

ಒಬ್ಬ ಕುಂಟ, ಒಬ್ಬ ಮುದುಕ, ಒಬ್ಬರ ಹೆಗಲು ಒಬ್ಬರು ಹಿಡಿದು ಒಳಗೆ ಹೋದರು. ಗೇಟು ಮುಚ್ಚಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದವಳು ಬೆಂಚಿನ ಮೇಲೆ ಕೂತಳು. ಕಲ್ಲು ಕಾದಿತ್ತು. ಬಿಸಿಲು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಮಡಿಲಿಗೆ, ಆಮೇಲೆ ಕತ್ತಿಗೆ. ಅಪ್ಪ ಇಲ್ಲೇ ಕೂತಿದ್ದ, ಹೀಗೇ. ಅವಳಿಗೆ ಅಳು ಬಂತು. ಒಳಗಿನಿಂದ ಪೀಪಿ ಕೇಳಿಸುತ್ತದೇನೋ ಎಂದು ಕಿವಿಗೊಟ್ಟಳು. ಕೇಳಿಸಲಿಲ್ಲ.

ಹೊರಗೆ ಬಂದಾಗ ಅಪ್ಪನ ಮುಖ ತೊಳೆದಿಟ್ಟ ಹಾಗಿತ್ತು. ಕಂಬ ಒಂದೂ ಅಲುಗಾಡಿಲ್ಲವಂತೆ, ಒಂದೊಂದನ್ನೂ ಮುಟ್ಟಿ ನೋಡಿದನಂತೆ. “ಅಳಿಯಂದಿರು ಇಲ್ದಿದ್ರೆ ನಾನು ನೋಡ್ತಾನೇ ಇರ್ಲಿಲ್ಲ ಕಣಮ್ಮ. ಕೈ ಹಿಡ್ಕೊಂಡು ಪ್ರತಿ ಮೆಟ್ಟಿಲಿಗೂ ನಿಂತ್ರು” ಎಂದ.

ಏರ್ಪಾಟು ಯಾರದು, ಹೆಸರು ಯಾರಿಗೆ! ಅವಳು ಭಾವನ ಕಡೆ ನೋಡಿದಳು. ಹೆಮ್ಮೆಯಿಂದ ಬೀಗುತ್ತಾನೆಂದುಕೊಂಡಿದ್ದಳು. ಆತ ಅವಳ ಕೆಂಪಾದ ಕತ್ತನ್ನೇ ನೋಡುತ್ತಿದ್ದ. ಆಮೇಲೆ ಬಗ್ಗಿ, ಬೆಂಚಿನ ಮೇಲಿದ್ದ ಚೀಲಗಳನ್ನು ಒಂದೊಂದಾಗಿ ಹೆಗಲಿಗೇರಿಸಿ, ಊರುಗೋಲು ಊರಿ ವ್ಯಾನಿನತ್ತ ಕುಂಟುತ್ತ ಹೊರಟ.

ಹೊರಲಿ ಎಂದು ಅವಳು ಬರಿಗೈಯಲ್ಲೇ ಹಿಂದೆ ನಡೆದಳು.