ದಿವ್ಯಳ ಹುಕುಂ, ಸತೀಶನ ಒಪ್ಪಿಗೆ

ರಾಜಾನುಕುಂಟೆಯ ಸತೀಶ ಹಗಲೆಲ್ಲ ಕಟ್ಟಡದ ಕೆಲಸದವರ ಮೇಲೆ ಗದರುವ ಮನುಷ್ಯ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿದರೆ ಹೆಂಡತಿ ದಿವ್ಯಳದೇ ಹುಕುಂ, ಅವನು ಪಾಲಿಸುವವನು. ಇಬ್ಬರೂ ಕೂತು ಮಾತಾಡಿ, ಇಷ್ಟಪಟ್ಟು ಮಾಡಿಕೊಂಡ ಏರ್ಪಾಡು. ಆಜ್ಞೆ ಮಾಡುವ ಖುಷಿ ಅವಳಿಗೆ, ಹೊಣೆ ಇಳಿಸುವ ಖುಷಿ ಅವನಿಗೆ. ಗಂಡ ಹೆಂಡಿರ ಸರಸ, ಇದರಲ್ಲಿ ನಮ್ಮ ಗಂಟೇನು ಹೋಗುತ್ತದೆ?

ತೊಂದರೆಯಾದದ್ದು ಹಿರಿಯರ ಹಬ್ಬದ ದಿನ. ತೀರಿಕೊಂಡ ಅಪ್ಪನಿಗೆ ಎಡೆ ಇಟ್ಟ ಮಟನ್ ಸಾರನ್ನು ಮಗನೇ ಮೊದಲು ಉಣ್ಣಬೇಕು. ಅದು ಆ ಮನೆಯ ಪದ್ಧತಿ. ಎಲೆ ಮುಂದೆ ಕೂತ ಗಂಡನಿಗೆ ದಿವ್ಯ ತಮಾಷೆಗೆ ಮೆಸೇಜ್ ಹಾಕಿದಳು: ‘ಇವತ್ತು ಮಟನ್ ಮುಟ್ಟಬೇಡ. ನನ್ನ ಹುಕುಂ.’ ಸತೀಶ ನಿಜಕ್ಕೂ ಮುಟ್ಟಲಿಲ್ಲ.

“ನಿಮ್ಮಪ್ಪನ ಎಡೆ ಕಣೋ, ಇಂಗ್ಯಾಕ್ ಮಾಡ್ತೀಯಾ?” ಎಂದು ತಾಯಿ ಲಕ್ಷ್ಮಿದೇವಮ್ಮ ಕಣ್ಣೀರು ಹಾಕಿದರೂ ಅವನು ತಲೆ ಎತ್ತಲಿಲ್ಲ.

ಆಮೇಲೂ ಅವಳು ಹೇಳಿದ್ದೆಲ್ಲ ಮಾಡುತ್ತಿದ್ದ, ಆದರೆ ನಗುವುದನ್ನೇ ಬಿಟ್ಟ. ಗಂಡ ತನ್ನಿಂದ ದೂರವಾಗುತ್ತಿದ್ದಾನೆ ಎಂದು ದಿವ್ಯಳಿಗೆ ದಿಗಿಲಾಯಿತು. ಯಲಹಂಕದಲ್ಲಿ ದಂಪತಿಗಳಿಗೆ ಆಪ್ತಸಲಹೆ ಕೊಡುವ ಗೆಳತಿ ರಾಣಿಯ ಬಳಿಗೆ ಅವನನ್ನೂ ಎಳೆದುಕೊಂಡು ಹೋದಳು.

“ಬೇಡ ಅನ್ಬೋದಿತ್ತಲ್ವೇನ್ರೀ?” ಎಂದು ದಿವ್ಯ ಗಂಡನನ್ನೇ ಕೇಳಿದಳು.

“ಮಾತು ಕೇಳ್ತೀನಿ ಅಂತ ಒಪ್ಕೊಂಡ್ಮೇಲೆ ಹಿಂದೆ ಸರಿಯೋಕಾಗುತ್ತಾ?” ಎಂದ ಸತೀಶ.

ರಾಣಿ ತಲೆ ಚಚ್ಚಿಕೊಂಡಳು. “ಆಗುತ್ತೆ ಕಣ್ರೀ! ಒಪ್ಪಿಗೇನ ಯಾವಾಗ ಬೇಕಾದ್ರೂ ವಾಪಸ್ ತಗೋಬೋದು. ಭಯಕ್ಕೆ ಮಾಡಿದ್ರೆ ಅದು ಆಟ ಅಲ್ಲ, ದಬ್ಬಾಳಿಕೆ. ಅಮ್ಮ, ಕೆಲಸ, ಔಷಧಿ, ಹಬ್ಬ, ಎಲ್ಲೆಲ್ಲಿ ಹುಕುಂ ನಡೆಯಲ್ಲ ಅಂತ ಮೊದ್ಲೇ ಮಾತಾಡ್ಕೊಳ್ಳಿ. ನಿಲ್ಸೋಕೆ ಒಂದು ಪದ ಇಟ್ಕೊಳ್ಳಿ. ಅದು ಬಾಯಿಗೆ ಬಂತೋ, ಎಲ್ಲಾ ಬಂದ್. ಮುನಿಸ್ಕೊಳ್ಳೋ ಹಾಗಿಲ್ಲ.”

“ಹಂಗಾದ್ರೆ ಮಜಾನೇ ಹೋಗಲ್ವಾ?” ದಿವ್ಯಳಿಗೆ ಅನುಮಾನ.

“ಬ್ರೇಕ್ ಇಲ್ದಿರೋ ಗಾಡೀಲಿ ಕೂತ್ರೆ ಮಜಾ ಬರುತ್ತೇನೇ?”

ಸತೀಶ ಬಾಯಿಬಿಟ್ಟ. “ಗೊರಗುಂಟೆಪಾಳ್ಯ ಅಂತ ಇಟ್ಕೊಳ್ಳೋಣ. ಆ ಸಿಗ್ನಲ್‌ನಲ್ಲಿ ಎಂಥಾ ದೊಡ್ಡ ಮನುಷ್ಯ ಬಂದ್ರೂ ಗಾಡಿ ನಿಲ್ಲಲೇಬೇಕು.” ಹಬ್ಬವಾದ ಮೇಲೆ ಅವನು ನಕ್ಕದ್ದು ಅವತ್ತೇ.

ಮನೆಗೆ ಬಂದವಳೇ ದಿವ್ಯ, “ತಮಾಷೆಗೆ ನಾನೇ ತಿನ್ಬೇಡ ಅಂದಿದ್ದೆ ಅತ್ತೆ, ತಪ್ಪಾಯ್ತು” ಎಂದಳು. ಲಕ್ಷ್ಮಿದೇವಮ್ಮ ಇಬ್ಬರಿಗೂ ಚೆನ್ನಾಗಿ ಮಂಗಳಾರತಿ ಎತ್ತಿ, ಮತ್ತೆ ಮಟನ್ ತರಿಸಿ ಮಗನಿಗೆ ಬಡಿಸಿದರು.

ಮುಂದೊಂದು ಭಾನುವಾರ ದಿವ್ಯಳ ಹುಕುಂ ನಡೆಯುತ್ತಿರುವಾಗಲೇ ಸತೀಶ ಅಳುಕುತ್ತ ಅಂದ: “ಗೊರಗುಂಟೆಪಾಳ್ಯ.” ದಿವ್ಯ ಅಲ್ಲಿಗೇ ನಿಲ್ಲಿಸಿದಳು. ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

“ನಿಜವಾಗ್ಲೂ ನಿಲ್ಸಿಬಿಟ್ಯಲ್ಲ!”

“ನಿಲ್ಸಲ್ಲ ಅಂದ್ಕೊಂಡಿದ್ರಾ?” ಎಂದು ಅವಳು ಅವನ ಕೈ ಹಿಡಿದಳು. ಮದುವೆಯಾದ ಮೇಲೆ ಅವನು ಅವಳಿಗೆ ಬೇಡ ಅಂದದ್ದು ಅದೇ ಮೊದಲು. ಅಷ್ಟು ನೆಮ್ಮದಿ ಅವಳಿಗೆ ಅವನ ಯಾವ ವಿಧೇಯತೆಯಿಂದಲೂ ಸಿಕ್ಕಿರಲಿಲ್ಲ.

ಓದುವವರೇ, ನಿಮ್ಮಿಬ್ಬರ ಏರ್ಪಾಡು ಏನೇ ಇರಲಿ, ಇವತ್ತೇ ನಿಮ್ಮ ಸಂಗಾತಿಯನ್ನು ಕೇಳಿ: ‘ನನ್ನ ಮಾತಿಗೆ ಬೇಡ ಅನ್ನೋಕೆ ನಿನಗೆ ಧೈರ್ಯ ಇದೆಯಾ?’ ಭಯದಿಂದ ಹೂಂ ಅನ್ನುತ್ತಿರುವವರು ನೀವಾದರೆ ನಾಚಿಕೆ ಬಿಟ್ಟು ಆಪ್ತಸಲಹೆಗಾರರ ಬಳಿ ಹೋಗಿ. ಹುಕುಂ ಮಾಡುವವರು ನೀವಾದರೆ, ಉತ್ತರ ಬರುವುದು ತಡವಾದಾಗ ನಿಲ್ಲಿಸಿ, ಕೇಳಿಸಿಕೊಳ್ಳಿ.