ಮೂರನೇ ಲೋಟ

ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದ ಅವಳು ಆಗಲೇ ಹದಿನಾರನೇ ಅಂಗಿಗೆ ಬಂದಿದ್ದಳು. ಪಕ್ಕದ ಸ್ಟೂಲಿನಲ್ಲಿ ಗಂಡ ಕೂತು ಗುಂಡಿ ಹಾಕುತ್ತಿದ್ದ. ಒಂದೊಂದು ಗುಂಡಿಗೂ ಬೆರಳು ನಾಲ್ಕು ಸಲ ಜಾರುತ್ತಿತ್ತು. ಒಂದು ಕಾಲಕ್ಕೆ ಎಳ್ಳುಕಾಳಿನಷ್ಟು ಸ್ಕ್ರೂ ಹಿಡಿದು ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಬೆರಳುಗಳು ಅವು. ಈಗ ನಡೆದರೆ ಓಲಾಡುತ್ತಾನೆಂದು ಬೀದಿಯವರು ‘ಲೋಲಕ’ ಎಂದು ಹೆಸರಿಟ್ಟಿದ್ದರು. ಅಪ್ಪನಿಂದ ಬಂದ ಕಾಯಿಲೆ. ಆ ಅಪ್ಪನನ್ನು ಜನ ಕುಡುಕನೆಂದೇ ಮಣ್ಣು ಮಾಡಿದ್ದರು.

“ಅಟಾಕ್ಸಿಯಾ ಅನ್ನೋ ಈ ನರದ ಕಾಯಿಲೆ ಇರೋರಿಗೆ ಮೂತ್ರ ಬಂತು ಅನ್ನೋಷ್ಟರಲ್ಲಿ ಹೋಗಿರುತ್ತೆ, ಓಡೋಕೆ ಕಾಲು ಕೇಳಲ್ಲ” ಎಂದು ಆಸ್ಪತ್ರೆಯ ನರ್ಸ್ ಹೇಳಿಕೊಟ್ಟಿದ್ದಳು. “ಎರಡು ಗಂಟೆಗೊಮ್ಮೆ ನೀವೇ ಎಬ್ಬಿಸಿ ಕರ್ಕೊಂಡು ಹೋಗಿ. ಟೀ ಒಂದೇ ಲೋಟ, ಜಾಸ್ತಿಯಾದ್ರೆ ತಡೆಯೋಕಾಗಲ್ಲ.” ಒಂದೂವರೆ ವರ್ಷದಿಂದ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಮಲಬದ್ಧತೆಯ ಔಷಧಿಯನ್ನೂ ಅಳೆದು ಕೊಡುತ್ತಿದ್ದಳು.

ಇನ್ನೊಂದು ತೊಂದರೆಯ ಬಗ್ಗೆ ನರ್ಸ್ ಕೇಳಿರಲಿಲ್ಲ, ಗಂಡ ಹೇಳಿರಲಿಲ್ಲ. ಮೂರು ವರ್ಷದಿಂದ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಸೋತದ್ದು ಅವನ ಮೈ, ಬಂಜೆ ಎಂಬ ಹೆಸರು ಬಂದದ್ದು ಅವಳಿಗೆ.

ಆ ದಿನ ನಾದಿನಿ ಮೂರು ತಿಂಗಳ ಕೂಸನ್ನೆತ್ತಿಕೊಂಡು ತನ್ನ ಗಂಡನ ತಾಯಿಯ ಜೊತೆ ಬಂದಳು. ಇವಳು ಇಸ್ತ್ರಿಪೆಟ್ಟಿಗೆ ಇಟ್ಟು, ಕೈ ಒರೆಸಿಕೊಂಡು ಕೂಸಿಗೆ ಕೈಚಾಚಿದಳು. ಒಳಗಿದ್ದ ಇವಳ ಅತ್ತೆ ನಡುವೆ ಬಂದರು.

“ಅವಳ ಕೈಗೆ ಬೇಡಮ್ಮ. ಹೂ ಬಿಡದ ಗಿಡದ ನೆರಳು ಎಳೆಗೂಸಿಗೆ ಒಳ್ಳೇದಲ್ಲ.”

“ಡಾಕ್ಟರಿಗೆ ತೋರಿಸಿದ್ರಾ ಇವಳನ್ನ?” ಎಂದರು ಬೀಗಿತ್ತಿ.

“ತೋರಿಸಿ ಏನು ಬಂತು? ನನ್ನ ಮಗನಿಗೆ ಕಾಲೊಂದೇ ತೊಂದರೆ. ಮಿಕ್ಕಿದ್ದೆಲ್ಲ ಇವಳದ್ದೇ.”

ಅವಳು ಗಂಡನ ಮುಖ ನೋಡಿದಳು. ಅವನು ಗುಂಡಿಯನ್ನೇ ನೋಡುತ್ತಿದ್ದ.

ಇರಲಿ ಎಂದುಕೊಂಡಳು. ಮಾನ ಹೋಗುವುದೆಂದರೆ ಏನೆಂದು ಇವನಿಗೂ ಗೊತ್ತಾಗಲಿ, ಇವನ ಅಮ್ಮನಿಗೂ.

ಹನ್ನೊಂದಕ್ಕೆ ಅವನನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಬೇಕಿತ್ತು. ಎಬ್ಬಿಸಲಿಲ್ಲ. ಎಲ್ಲರಿಗೂ ಟೀ ಕೊಟ್ಟಳು. ಅವನ ಲೋಟ ಖಾಲಿಯಾದೊಡನೆ ಮತ್ತೆ ತುಂಬಿದಳು. ಅವನು ಒಮ್ಮೆ ತಲೆಯೆತ್ತಿ ನೋಡಿ, ಕುಡಿದ. ಮೂರನೇ ಲೋಟ ಕೊಟ್ಟಳು. ಅದನ್ನೂ ಕುಡಿದ.

“ಇವತ್ತೇನೇ ಗಂಡನ ಮೇಲೆ ಇಷ್ಟೊಂದು ಅಕ್ಕರೆ?” ಎಂದರು ಅತ್ತೆ.

“ಬೀಗರ ಮುಂದೆ ಕಡಿಮೆ ಮಾಡೋಕಾಗುತ್ತಾ ಅತ್ತೆ?”

ಹನ್ನೊಂದೂವರೆಗೆ ಅವನು ಮೇಜು ಹಿಡಿದು ಏಳಲು ನೋಡಿದ. ಕೈ ಜಾರಿತು. ಸ್ಟೂಲಿನ ಕೆಳಗೆ ಹನಿ ಬಿತ್ತು, ಆಮೇಲೆ ಧಾರೆಯಾಗಿ ಹರಿಯಿತು. ಬೀಗಿತ್ತಿ ಕಾಲು ಮೇಲೆತ್ತಿಕೊಂಡರು. ಸುಳ್ಳು ಯಾಕೆ, ಒಂದು ಗಳಿಗೆ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ನೋಡಿದ್ರಾ! ಗಂಡನ್ನ ಇಷ್ಟು ನೋಡ್ಕೊಳ್ಳೋಕೂ ಬರಲ್ಲ ಇವಳಿಗೆ!” ಎಂದರು ಅತ್ತೆ.

“ಅಮ್ಮ, ಸಾಕು.” ಅವನ ತೊದಲು ಮಾತು ನಿಧಾನವಾಗಿ ಬಂತು. “ಇದೂ ನಂದೇ, ಅದೂ ನಂದೇ. ಮೂರು ವರ್ಷದಿಂದ ಹಾಸಿಗೇಲಿ ನನ್ನ ಕೈಲಿ ಏನೂ ಆಗ್ತಿಲ್ಲ. ಮಗು ಎಲ್ಲಿಂದ ಬರುತ್ತೆ?”

“ಎಲ್ಲರೆದುರು ಇದೆಲ್ಲ ಹೇಳ್ತಾರೇನೋ? ನಿಮ್ಮಪ್ಪನಿಗೂ ಹೀಗೇ ಆಗಿತ್ತು, ಸಾಯೋವರೆಗೂ ಬಾಯಿ ಬಿಡಲಿಲ್ಲ!”

ಅಂದಮೇಲೆ ಅತ್ತೆಗೆ ಗೊತ್ತಾಯಿತು, ಏನು ಅಂದೆನೆಂದು.

ಅವಳು ಅವನ ಕಂಕುಳಿಗೆ ಕೈಹಾಕಿ ಎಬ್ಬಿಸಿ, ಬಚ್ಚಲಿಗೆ ಕರೆದೊಯ್ದು ಚಿಲಕ ಹಾಕಿದಳು. ಬಿಸಿನೀರು ಹುಯ್ಯುತ್ತಾ, “ಬೇಕಂತಲೇ ಕೊಟ್ಟೆ” ಎಂದಳು.

“ಎರಡನೇ ಲೋಟಕ್ಕೇ ಗೊತ್ತಾಯ್ತು.”

“ಮತ್ತೆ ಮೂರನೇದು ಯಾಕೆ ಕುಡಿದೆ?”

“ಬಾಯಿ ಬಿಡೋಕೆ ಧೈರ್ಯ ಸಾಲದು ನಂಗೆ. ಹೀಗಾದ್ರೂ ಮಾತು ಹೊರಗೆ ಬರಲಿ ಅಂದ್ಕೊಂಡೆ.”

ಅವಳು ಚೊಂಬು ಕೆಳಗಿಟ್ಟಳು. “ಸೋಮವಾರ ಆಸ್ಪತ್ರೆಗೆ ಹೋದಾಗ ನರ್ಸ್ ಹತ್ರಾನೂ ಹೇಳ್ತೀಯಾ? ಇದಕ್ಕೂ ಔಷಧಿ ಇರಬಹುದು” ಎಂದಳು.

“ನೀನು ಪಕ್ಕದಲ್ಲಿ ಕೂತ್ರೆ ಹೇಳ್ತೀನಿ.”

ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. “ಒಗೆದ ಬಟ್ಟೆ ತಂದಿದೀನಿ,” ಅತ್ತೆಯ ದನಿ ಕುಗ್ಗಿತ್ತು. “ವಂಶದ ಕಾಯಿಲೆ ಅಂದ್ರೆ ಮಗಳ ಮದುವೆ ನಿಂತುಹೋದೀತು ಅಂತ ಆಗ ಬಾಯಿ ಮುಚ್ಕೊಂಡೆ ಕಣೇ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ಬಾಗಿಲು ತೆಗಿಯಮ್ಮ.”

ಅವಳಿಗೆ ಕೇಳಿಸಿತು. ಗಂಡನ ಬೆನ್ನನ್ನು ಸಾವಕಾಶವಾಗಿ ಒರೆಸಿದಳು, ಆಮೇಲೆ ತೋಳು, ಆಮೇಲೆ ಕಾಲು. ಚಿಲಕಕ್ಕೆ ಕೈಹಾಕಲು ಅವಳಿಗೇನೂ ಅವಸರವಿರಲಿಲ್ಲ.