ಕಪ್ಪು ಉಗುರಿನ ಕಿರುಚಾಣ

ಕಟ್ಟಡ ರಿಪೇರಿ ಕೆಲಸದವನು ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಆಡಿದ ಮೊದಲ ಮಾತೇ ಪಕ್ಷಿವೈದ್ಯೆಗೆ ಸರಿ ಕಾಣಲಿಲ್ಲ.

“ಇದು ಮಾಮೂಲಿ ಚಾಣ ತಾನೇ, ಡಾಕ್ಟ್ರೇ?”

ಗಾಯದ ಹಕ್ಕಿ ತಂದವರು ಬದುಕುತ್ತಾ ಎಂದು ಕೇಳುತ್ತಾರೆ. ಇವನಿಗೆ ಅದರ ಜಾತಿಯ ಚಿಂತೆ.

ಹೆಣ್ಣು ಹಕ್ಕಿ. ಚಾಣ, ಕಿರುಚಾಣ ಎಂಬ ಸಣ್ಣ ಗಿಡುಗಗಳೆರಡರಲ್ಲೂ ಹೆಣ್ಣುಗಳು ಅವಳಿಗಳಂತೆ. ಹೆಚ್ಚು ನಂಬಬಹುದಾದದ್ದು ಉಗುರು. ಚಾಣದ್ದು ಕಪ್ಪು, ಅಪರೂಪದ ಕಿರುಚಾಣದ್ದು ಬಿಳಿ. ಇದರದ್ದು ಕಪ್ಪು. ಆದರೆ ಕಿರುಚಾಣದ ಹಾಗೆ ಮೈ ಸಣ್ಣದು, ಮಡಚಿದ ರೆಕ್ಕೆ ಬಾಲದ ತುದಿಯವರೆಗೂ ಬಂದಿತ್ತು. ವೈದ್ಯೆ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒಂದು ಉಗುರನ್ನು ಉಜ್ಜಿದಳು. ಹತ್ತಿ ಕಪ್ಪಾಯಿತು, ಉಗುರು ಬೆಳ್ಳಗಾಯಿತು.

ಕ್ಲಿನಿಕ್ಕಿನಲ್ಲಿ ಕೈಜೋಡಿಸುತ್ತಿದ್ದ ಅತ್ತಿಗೆ ಅವಳನ್ನು ಒಳಕೋಣೆಗೆ ಕರೆದಳು. “ಅಪರೂಪದ ಹಕ್ಕಿಗೆ ಬಣ್ಣ ಬಳಿದು ಕದ್ದು ಸಾಗಿಸೋರ ಪೈಕಿ ಕಣೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ ಅವನ ಮುಖ.”

ವೈದ್ಯೆ ಹೊರಗೆ ಬಂದಳು. “ಎಲ್ಲಿ ಸಿಕ್ತು?”

“ಕೆಲಸದ ಕಡೆ.”

“ತೋರಿಸಿ.”

ಅವನು ಬಾಗಿಲಿನತ್ತ ನೋಡಿದ. “ಈಗಲೇನಾ?”

“ಈಗಲೇ.”

ದಾರಿಯುದ್ದಕ್ಕೂ ಅವನು ತಿರುಗಿ ತಿರುಗಿ ನೋಡುತ್ತಿದ್ದ. ಅವಳು ದಾಟಿದ ಪ್ರತಿ ಬೀದಿಯ ಹೆಸರನ್ನೂ ಅತ್ತಿಗೆಗೆ ಮೆಸೇಜು ಮಾಡುತ್ತಲೇ ನಡೆದಳು.

ಹಳೇ ಗೋದಾಮಿನ ತಾರಸಿಗೆ ಡಾಂಬರು ಬಳಿದಿದ್ದರು. ಇನ್ನೂ ಒಣಗದ ಡಾಂಬರಿನಲ್ಲಿ ಪುಟ್ಟ ಹೆಜ್ಜೆಗಳು, ಎರಡು ಗರಿ. ಅಷ್ಟಕ್ಕೆ ಬಣ್ಣದ ಅನುಮಾನ ಹೋಯಿತು. ಆದರೆ ಅವನು ಮೂಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತವನು ಅಲ್ಲಾಡಲಿಲ್ಲ.

“ಸ್ವಲ್ಪ ಆ ಕಡೆ ಬನ್ನಿ.”

ಅವನ ಹಿಂದೆ ಗೋಡೆಯಲ್ಲಿ ಮೂರು ಸಂದುಗಳು. ಎರಡಕ್ಕೆ ಹಸಿ ಸಿಮೆಂಟು ಮೆತ್ತಿತ್ತು. ಮೂರನೆಯದರೊಳಗೆ ಮರಿಗಳ ಚೀರಾಟ.

“ಅಪರೂಪದ ಹಕ್ಕಿ ಅಂತ ಗೊತ್ತಾದ್ರೆ ಕೆಲಸ ನಿಲ್ಲಿಸ್ತಾರೆ, ಬಾಯಿ ಮುಚ್ಕೊಂಡಿರು ಅಂದ್ರು ಮೇಸ್ತ್ರಿ,” ಎಂದ ಅವನು. “ಡಾಂಬರಿಗೆ ಅಂಟ್ಕೊಂಡು ಒದ್ದಾಡ್ತಿತ್ತು, ನೋಡ್ಕೊಂಡು ಇರಕ್ಕಾಗ್ಲಿಲ್ಲ. ಮಾಮೂಲಿದೇ ಆಗಿರ್ಲಿ ಅನ್ಕೊಂಡೇ ತಂದೆ.”

“ಮುಚ್ಚಿರೋ ಕಡೆ ಏನಿತ್ತು?”

“ಏನೂ ಇರ್ಲಿಲ್ಲ. ಕೈ ಹಾಕಿ ನೋಡೇ ಮುಚ್ಚಿದ್ದು.”

ಅವಳು ಹಸಿ ಸಿಮೆಂಟಿಗೆ ಕಿವಿಗೊಟ್ಟಳು. ನಂಬಿಲ್ಲವೆಂದು ಅವನಿಗೆ ಗೊತ್ತಾಯಿತು. ಕರಣೆ ತೆಗೆದು ಎರಡನ್ನೂ ತಾನೇ ಕೆದಕಿ ತೆರೆದು ತೋರಿಸಿದ. ಒಳಗೆ ಬರೀ ಹಳೇ ಕಸ.

ಹಕ್ಕಿ ಎರಡೇ ದಿನಕ್ಕೆ ಚೇತರಿಸಿಕೊಂಡು, ಅಷ್ಟರವರೆಗೆ ಗಂಡು ಹಕ್ಕಿ ಉಣಿಸುತ್ತಿದ್ದ ಮರಿಗಳ ಬಳಿ ಸೇರಿತು. ಅರಣ್ಯ ಇಲಾಖೆಗೆ ಅವಳು ಬರೆದ ಪತ್ರದಿಂದ ಕೆಲಸ ನಿಂತಿತು, ಮರಿಗಳು ಹಾರಿಹೋದ ಮೇಲೆ ಮತ್ತೆ ಶುರುವಾಯಿತು. ಅನುಮಾನಪಟ್ಟಿದ್ದು ತಪ್ಪಾಯಿತು ಎನ್ನಲು ಅವನನ್ನು ಹುಡುಕಿಕೊಂಡು ಹೋದರೆ ಅಲ್ಲಿ ಬರೀ ಹೊಸ ಮುಖಗಳು.

“ಬಾಯಿ ಬಿಟ್ಟ ಅಂತ ಮೇಸ್ತ್ರಿ ಕೆಲಸ ನಿಂತ ದಿನಾನೇ ಅವನನ್ನ ತೆಗೆದುಹಾಕಿದ್ರು,” ಎಂದ ವಾಚ್‌ಮನ್.

“ಪತ್ರ ಬರೆದಿದ್ದು ನಾನು.”

“ಯಾರು ಬರೆದ್ರೇನಮ್ಮ, ಹೋಗಿದ್ದು ಅವನ ಕೆಲಸ.”